ಡ್ರೋನ್‌ಗೆ ಭಾರದ ಕ್ಯಾಮೆರಾ ಗಿಂಬಲ್: ಅಳವಡಿಕೆಯ ಕ್ರಮ

ಚಲನಚಿತ್ರ, ಸಾಕ್ಷ್ಯಚಿತ್ರಗಳಿಂದ ಮೊದಲ್ಗೊಂಡು ಸಂಘ-ಸಂಸ್ಥೆಗಳ ಉತ್ಸವ, ಮೆರವಣಿಗೆಗಳವರೆಗೆ ಆಗಸದಿಂದ ಚಿತ್ರೀಕರಿಸುವ ಪರಿಪಾಠ ಇಂದು ಎಲ್ಲೆಡೆ ಬೆಳೆದಿದೆ. ಸಣ್ಣ ಡ್ರೋನ್‌ಗಳಲ್ಲಿ ಕ್ಯಾಮೆರಾವೂ ಅದನ್ನು ಸ್ಥಿರವಾಗಿಡುವ ಗಿಂಬಲ್ಲೂ ಕಾರ್ಖಾನೆಯಲ್ಲಿಯೇ ಜೋಡಣೆಗೊಂಡು ಬರುವುದರಿಂದ ಬಳಸುವವರಿಗೆ ಅದರ ಚಿಂತೆಯಿಲ್ಲ. 2023ರಲ್ಲಿ ಬಂದ ಡಿಜೆಐ ಇನ್‌ಸ್ಪೈರ್ 3, ನಾಲ್ಕು ಕಿಲೋ ಒಳಗಿನ ತೂಕದಲ್ಲಿಯೇ ಸಿನಿಮಾ ಗುಣಮಟ್ಟದ ಚಿತ್ರ ಕೊಡುತ್ತದೆ. ಆದರೆ ಛಾಯಾಗ್ರಾಹಕನು ತನ್ನದೇ ಕ್ಯಾಮೆರಾ, ತನ್ನದೇ ಲೆನ್ಸ್ ಬೇಕೆಂದಾಗ ಪ್ರತ್ಯೇಕ ಗಿಂಬಲ್ಲನ್ನು ದೊಡ್ಡ ಡ್ರೋನಿನ ಅಡಿಯಲ್ಲಿ ತೂಗಹಾಕಲೇಬೇಕಾಗುತ್ತದೆ. ಆ ಅಳವಡಿಕೆಯ ಕ್ರಮವನ್ನು ನಾವಿಲ್ಲಿ ವಿವರಿಸಹೊರಟಿದ್ದೇವೆ.

ಇದು ಬರಿಯ ಚಿತ್ರದ ಅಂದಚೆಂದದ ಪ್ರಶ್ನೆಯಲ್ಲ. 2015ರ ಡಿಸೆಂಬರ್ 22ರಂದು ಇಟಲಿಯ ಮಡೋನ್ನಾ ದಿ ಕಂಪಿಲಿಯೊದಲ್ಲಿ ನಡೆದ ಸ್ಕೀ ಸ್ಪರ್ಧೆಯಲ್ಲಿ, ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ ಇಳಿಜಾರಿನಲ್ಲಿ ಧಾವಿಸುತ್ತಿದ್ದಾಗಲೇ ಚಿತ್ರೀಕರಣದ ಡ್ರೋನೊಂದು ಅವರ ಬೆನ್ನ ಹಿಂದೆಯೇ ಬಿದ್ದು ನುಚ್ಚುನೂರಾಯಿತು. ಅವರು ಕೂದಲೆಳೆಯ ಅಂತರದಲ್ಲಿ ಪಾರಾದರು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು ಆ ಬಳಿಕ ತನ್ನ ಸ್ಪರ್ಧೆಗಳಲ್ಲಿ ಡ್ರೋನ್‌ಗಳನ್ನು ನಿಷೇಧಿಸಿತು. ಹತ್ತು ಹನ್ನೆರಡು ಕಿಲೋ ಭಾರದ ವಸ್ತು ಜನರ ತಲೆಯ ಮೇಲೆ ಹಾರುತ್ತಿದೆಯೆಂಬ ಎಚ್ಚರ, ಮೊದಲ ತಿರುಪನ್ನು ಬಿಗಿಯುವಾಗಲೇ ಇರಬೇಕು.

ಮೊದಲು ತೂಕದ ಲೆಕ್ಕ. 2016ರಲ್ಲಿ ಬಂದ ಆರು ರೋಟರುಗಳ ಮ್ಯಾಟ್ರಿಸ್ 600 ಪ್ರೊ ಮತ್ತು ಅದಕ್ಕೆ ಹೊಂದುವ ರೋನಿನ್-ಎಂಎಕ್ಸ್ ಗಿಂಬಲ್ಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆರು ಬ್ಯಾಟರಿಗಳ ಸಹಿತ ಈ ಡ್ರೋನಿನ ತೂಕ 9.5 ಕಿಲೋ, ಮೇಲೇರಲು ತಯಾರಕರು ವಿಧಿಸಿದ ಗರಿಷ್ಠ ತೂಕ 15.5 ಕಿಲೋ. ಉಳಿಯುವುದು 6 ಕಿಲೋ. ಗಿಂಬಲ್ಲೇ 2.15 ಕಿಲೋ ಇರುವುದರಿಂದ ಕ್ಯಾಮೆರಾಕ್ಕೆ ಮಿಗುವುದು 3.85 ಕಿಲೋ ಮಾತ್ರ. ಗಿಂಬಲ್ಲಿನ ವಿವರಪತ್ರದಲ್ಲಿ ಅದು 4.5 ಕಿಲೋ ಹೊರಬಲ್ಲುದೆಂದು ಬರೆದಿದೆ. ಎರಡೂ ಸಂಖ್ಯೆಗಳು ನಿಜವೇ. ಆದರೆ ಲೆಕ್ಕಕ್ಕೆ ಹಿಡಿಯಬೇಕಾದುದು ಕಡಿಮೆಯದನ್ನೇ. ಕಂಪನ ತಡೆಯುವ ಫಲಕ, ಚಿತ್ರಪ್ರಸಾರಕ, ಫೋಕಸ್ ಮೋಟರು, ಕೇಬಲ್ಲುಗಳ ತೂಕವೂ ಇದರಲ್ಲಿಯೇ ಕಳೆಯಬೇಕಾಗುತ್ತದೆ. ಎಲ್ಲವನ್ನೂ ತಕ್ಕಡಿಗಿಟ್ಟು ತೂಗುವುದು ಲೇಸು. ಅಂದಾಜು ಇಲ್ಲಿ ಸಲ್ಲದು. ಹೊರೆಯಿಲ್ಲದೆ 32 ನಿಮಿಷ ನಿಂತು ಹಾರುವ ಇದೇ ಡ್ರೋನ್, ಪೂರ್ತಿ 6 ಕಿಲೋ ಹೊತ್ತಾಗ 16 ನಿಮಿಷಕ್ಕೆ ಇಳಿಯುತ್ತದೆ.

ಮೋಟರುಗಳ ಒಟ್ಟು ಎತ್ತುವ ಬಲವು ಒಟ್ಟು ತೂಕದ ಇಮ್ಮಡಿಯಾದರೂ ಇರಬೇಕೆಂಬುದು ಈ ಕ್ಷೇತ್ರದ ರೂಢಿ. ಅಂದರೆ ನಿಶ್ಚಲವಾಗಿ ನಿಂತಾಗ ಮೋಟರುಗಳು ಅರ್ಧ ಬಲದಲ್ಲಿ ತಿರುಗುತ್ತಿರಬೇಕು. ಆರು ರೋಟರುಗಳಲ್ಲಿ ಒಂದು ಕೆಟ್ಟರೆ ಸಮತೋಲಕ್ಕಾಗಿ ಅದರ ಎದುರಿನದನ್ನೂ ಬಹುಮಟ್ಟಿಗೆ ತಗ್ಗಿಸಬೇಕಾಗುತ್ತದೆ. ಆಗ ಉಳಿದ ನಾಲ್ಕರ ಮೇಲೆ ಸುಮಾರು ಮುಕ್ಕಾಲು ಬಲದ ಹೊರೆ ಬೀಳುತ್ತದೆ. ಆರಂಭದಲ್ಲಿಯೇ ಮುಕ್ಕಾಲು ಬಲದಲ್ಲಿ ಹಾರುತ್ತಿದ್ದ ಯಂತ್ರಕ್ಕೆ ಆ ಹೊತ್ತಿನಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ.

ಇನ್ನು ಭಾರ ಎಲ್ಲಿರಬೇಕೆಂಬ ವಿಚಾರ. ಭಾರ ಕೆಳಗೆ ಜೋತುಬಿದ್ದಷ್ಟೂ ಡ್ರೋನ್ ತೂಗುಗುಂಡಿನಂತೆ ತಾನಾಗಿ ನೆಟ್ಟಗಾಗುತ್ತದೆಂಬ ನಂಬಿಕೆ ಬಲ್ಲವರಲ್ಲಿಯೂ ಉಂಟು. ಇದು ಸರಿಯಲ್ಲ. ತೊಟ್ಟಿಲು ತೂಗಿ ಮತ್ತೆ ನೆಟ್ಟಗೆ ನಿಲ್ಲುವುದು ಅದರ ಹಗ್ಗವನ್ನು ತೊಲೆಗೆ ಕಟ್ಟಿರುವ ಕಾರಣದಿಂದ. ಡ್ರೋನಿಗೆ ಅಂಥ ತೊಲೆಯಿಲ್ಲ. ಅದು ವಾಲಿದಾಗ ಮೇಲೆತ್ತುವ ಬಲವೂ ಅದರೊಡನೆಯೇ ವಾಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸುವುದು ನಿಯಂತ್ರಕದ ಲೆಕ್ಕಾಚಾರವೇ ಹೊರತು ಕೆಳಗಿನ ಭಾರವಲ್ಲ. ಬಹಳ ಕೆಳಗಿರುವ ಭಾರ ಯಂತ್ರವನ್ನು ಜಡಗೊಳಿಸಿ, ಗಾಳಿಯ ಹೊಡೆತಕ್ಕೆ ಅದು ಸರಿಪಡಿಸಿಕೊಳ್ಳುವುದನ್ನು ತಡಮಾಡುತ್ತದೆ. ಆದುದರಿಂದ ಗಿಂಬಲ್ಲನ್ನು ಕ್ಯಾಮೆರಾದ ತಿರುಗುವಿಕೆಗೆ ಅಡ್ಡಿಯಾಗದಷ್ಟು ಮಾತ್ರ ಅಂತರ ಬಿಟ್ಟು, ಚೌಕಟ್ಟಿಗೆ ಆದಷ್ಟು ಸಮೀಪದಲ್ಲಿ, ರೋಟರುಗಳ ನಟ್ಟನಡುವಿಗೆ ಕೂರಿಸಬೇಕು. ಗಿಂಬಲ್ ಮುಂದಕ್ಕೆ ಸರಿದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ಸರಿದೂಗಿಸಬಹುದು. ಹಾಗೆ ಮಾಡದಿದ್ದಲ್ಲಿ ಮುಂಬದಿಯ ಮೋಟರುಗಳು ಸದಾ ಹೆಚ್ಚು ದುಡಿದು ಬಿಸಿಯೇರುತ್ತವೆ.

ಗಿಂಬಲ್ಲಿನ ಸಮತೋಲವನ್ನು ವಿದ್ಯುತ್ ಇಲ್ಲದೆಯೇ ಮಾಡಬೇಕು. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದ ತಿರುಳು ಇದೇ. ಅವಸರದಲ್ಲಿ ಜನ ಕೈಬಿಡುವುದೂ ಇದನ್ನೇ. ಲೆನ್ಸ್, ಫಿಲ್ಟರ್, ಬ್ಯಾಟರಿ, ಮೆಮೊರಿ ಕಾರ್ಡು ಎಲ್ಲವನ್ನೂ ಕ್ಯಾಮೆರಾಕ್ಕೆ ಹಾಕಿದ ಮೇಲೆ, ಮೇಲೆ-ಕೆಳಗೆ ಬಾಗುವ ಅಕ್ಷ, ಮಗ್ಗುಲಿಗೆ ಹೊರಳುವ ಅಕ್ಷ, ಸುತ್ತ ತಿರುಗುವ ಅಕ್ಷ, ಈ ಕ್ರಮದಲ್ಲಿ ಸರಿಪಡಿಸುತ್ತ ಹೋಗಬೇಕು. ಲೆನ್ಸನ್ನು ಯಾವ ದಿಕ್ಕಿಗೆ ತಿರುಗಿಸಿ ಕೈಬಿಟ್ಟರೂ ಅದು ಅಲ್ಲಿಯೇ ನಿಲ್ಲಬೇಕು. ಸಮತೋಲ ತಪ್ಪಿದ್ದರೆ ಗಿಂಬಲ್ಲಿನ ಮೋಟರುಗಳು ಅಲುಗಾಟವನ್ನು ತಿದ್ದುವ ಬದಲು ಭಾರ ಹೊರುವುದರಲ್ಲಿಯೇ ಶಕ್ತಿ ವ್ಯಯಿಸುತ್ತವೆ. ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಲೆನ್ಸು ಈ ಸಮತೋಲವನ್ನು ಕೆಡಿಸುವುದರಿಂದ ಸ್ಥಿರ ಲೆನ್ಸೇ ಮೇಲು. ಅಕ್ಷವನ್ನು ದಾಟುವ ಕೇಬಲ್ಲುಗಳು ಮೆತ್ತಗಿದ್ದು ಸಡಿಲವಾಗಿರಲಿ. ಬಿರುಸಾದ ಒಂದು ಕೇಬಲ್ ಸಾಕು, ಅಷ್ಟೂ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ.

ರೋಟರುಗಳ ನಡುಕ ಕ್ಯಾಮೆರಾವನ್ನು ತಲಪಿದರೆ ಚಿತ್ರವು ಜೆಲ್ಲಿಯಂತೆ ಅದುರುತ್ತದೆ. ಇದನ್ನು ಗಿಂಬಲ್ ತಿದ್ದಲಾರದು. ಅದು ತಿದ್ದುವುದು ನಿಧಾನದ ಓಲಾಟವನ್ನು. ಆ ನಡುಕಕ್ಕೆ ರಬ್ಬರ್ ಗುಂಡುಗಳು ಅಥವಾ ತಂತಿಯ ಸುರುಳಿಗಳು ಬೇಕು, ಅವೂ ಹೊರೆಗೆ ತಕ್ಕಂತಿರಬೇಕು. ತೀರ ಮೆತ್ತಗಿದ್ದರೆ ಕ್ಯಾಮೆರಾ ತೂಗಾಡುತ್ತದೆ, ತೀರ ಗಟ್ಟಿಯಾದರೆ ನಡುಕ ಹಾಗೆಯೇ ದಾಟುತ್ತದೆ. ಬ್ಯಾಟರಿಗಳನ್ನೂ ಗಿಂಬಲ್ಲಿನೊಂದಿಗೆ ಅದೇ ತೂಗುಫಲಕಕ್ಕೆ ಕಟ್ಟುವ ಉಪಾಯವುಂಟು. ಅಲ್ಲಿ ಭಾರ ಹೆಚ್ಚಿದಷ್ಟೂ ಕಂಪನ ಅದನ್ನು ಅಲುಗಿಸುವುದು ಕಷ್ಟ. ಜೋತುಬಿದ್ದ ರಬ್ಬರು ಹರಿಯುವುದೂ ಕಳಚುವುದೂ ಉಂಟಾದ್ದರಿಂದ ಉಕ್ಕಿನ ಸಣ್ಣ ಸುರಕ್ಷಾ ತಂತಿಯನ್ನು ತಪ್ಪದೆ ಕಟ್ಟಬೇಕು. ಮೋಟರುಗಳ ಅಯಸ್ಕಾಂತದಿಂದ ದಿಕ್ಸೂಚಿಯನ್ನು ದೂರವಿಡಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಮೊದಲ ಹಾರಾಟದಲ್ಲಿ ಕ್ಯಾಮೆರಾ ಬೇಡ. ಅಷ್ಟೇ ತೂಕದ ಮರಳಿನ ಚೀಲವನ್ನು ಬಿಗಿಯಾಗಿ ಕಟ್ಟಿ, ಬಯಲಿನಲ್ಲಿ ಎರಡು ಮೀಟರ್ ಎತ್ತರದಲ್ಲಿ ಕೆಲವು ನಿಮಿಷ ನಿಲ್ಲಿಸಿ ಇಳಿಸಬೇಕು. ಒಂದು ಮೋಟರು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಭಾರ ಅತ್ತ ವಾಲಿದೆಯೆಂದು ಶಂಕಿಸಬೇಕು. ಹೊಸ ತೂಕಕ್ಕೆ ತಕ್ಕಂತೆ ನಿಯಂತ್ರಕವನ್ನು ಹೊಂದಿಸಿದ ಬಳಿಕವೇ ಕ್ಯಾಮೆರಾದ ಸರದಿ.

ಕಾನೂನಿನ ಮಾತು. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳಲ್ಲಿ ಹೊರೆಯೂ ಸೇರಿ ಒಟ್ಟು 2ರಿಂದ 25 ಕಿಲೋ ತೂಗುವ ಡ್ರೋನ್ ‘ಸಣ್ಣ’ ವರ್ಗಕ್ಕೆ ಸೇರುತ್ತದೆ. ಹೆಸರು ಸಣ್ಣದಾದರೂ ನೋಂದಣಿಯ ಗುರುತಿನ ಸಂಖ್ಯೆ, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ, ಥರ್ಡ್ ಪಾರ್ಟಿ ವಿಮೆ ಇವೆಲ್ಲ ಬೇಕು. ವಿಮಾನ ನಿಲ್ದಾಣದ ಆವರಣದಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ ಎತ್ತರದ ಮಿತಿಯಿದೆ. ಮುಂಬಯಿಯಲ್ಲಿ ವಿಮಾನ ನಿಲ್ದಾಣವು ನಗರದ ಒಡಲಿನಲ್ಲಿಯೇ ಇರುವುದರಿಂದ ನಮ್ಮ ಸಭಾಗೃಹಗಳೂ ಮೈದಾನಗಳೂ ಬಹಳಷ್ಟು ಈ ವ್ಯಾಪ್ತಿಗೆ ಬರುತ್ತವೆ. ಪೊಲೀಸರ ನಿಷೇಧಾಜ್ಞೆಗಳು ಬೇರೆ. ಉತ್ಸವಕ್ಕೆ ಡ್ರೋನ್ ಗೊತ್ತುಮಾಡುವ ಆಯೋಜಕರು ಒಟ್ಟು ತೂಕವೆಷ್ಟು, ವಿಮೆಯಿದೆಯೆ, ಜನರಿಲ್ಲದ ಇಳಿದಾಣ ಎಲ್ಲಿ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಯುಕ್ತ.