ಇರುಳ ಕಥೆಗೆ ಎಲ್ಲಿ ಕತ್ತರಿ?

ತೊಣ್ಣೂರು ಕೆರೆಯ ಸುತ್ತಿನ ಊರುಗಳಿರಲಿ, ನಾಗಮಂಗಲ, ಮಳವಳ್ಳಿ ಸೀಮೆಯಿರಲಿ, ಇರುಳಿಡೀ ಕೂತು ಕಥೆ ಕೇಳುವುದು ಮಂಡ್ಯದ ಜನಕ್ಕೆ ಹೊಸತಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಮಲೆ ಮಾದೇಶ್ವರನ ಕಥೆ ಹೇಳುತ್ತಾರೆ. ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಥೆ ಹೇಳುತ್ತಾರೆ. ಮುಖ್ಯ ಹಾಡುಗಾರ ಎತ್ತಿದ ಸೊಲ್ಲಿಗೆ ಹಿಮ್ಮೇಳದವರು ದನಿಗೂಡಿಸುತ್ತಾರೆ. ಹಾಡು ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಒಂದು ಮುಗಿದು ಇನ್ನೊಂದು ಶುರುವಾದದ್ದು ಎಲ್ಲಿ ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಇಂಥ ಕಥೆಯನ್ನು ಸಿ.ಡಿ.ಗೆ ಇಳಿಸುವಾಗ ‘ಒಂದನೆಯ ಹಾಡು, ಎರಡನೆಯ ಹಾಡು’ ಎಂದು ತುಂಡು ಮಾಡುವುದು ಹೇಗೆ?

ಇದು ಯಂತ್ರದ ಜೊತೆಗೇ ಹುಟ್ಟಿದ ತೊಡಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ. ಭಾವಗೀತೆಗೆ ಇದು ಹೇಳಿ ಮಾಡಿಸಿದ ಅಳತೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಮನೆಮನೆಯಲ್ಲಿ ಹಾಡಿತು. ಆದರೆ ಇರುಳ ಕಥೆಗೆ ಮೂವತ್ತು ನಿಮಿಷ ಯಾವ ಲೆಕ್ಕ? ನೀಲೇಗೌಡ ಜೇನಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುವ ಹೊತ್ತಿಗೆ ಸರಿಯಾಗಿ ಟೇಪು ಮುಗಿದರೆ, ಕೇಳುಗ ಎದ್ದು ಕ್ಯಾಸೆಟ್ ತಿರುವಬೇಕು. ಅಷ್ಟರಲ್ಲಿ ಸಂಕಮ್ಮನ ಸಂಕಟ ಆರಿಹೋಗಿರುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಈ ಲೆಕ್ಕವನ್ನು ಬದಲಿಸಿತು. ಬದಿ ತಿರುವದೆ ಒಂದೇ ಸಮನೆ 74 ನಿಮಿಷ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಸಿ.ಡಿ.ಯಲ್ಲಿ ‘ಟ್ರ್ಯಾಕ್’ ಎಂಬುದು ತುಂಡಾಗಿರಲೇಬೇಕಿಲ್ಲ. ಅದು ಗುರುತು ಮಾತ್ರ. ದನಿ ಒಂದೇ ಸುರುಳಿಯಾಗಿ ಹರಿಯುತ್ತದೆ. ಇಂತಿಷ್ಟನೆಯ ನಿಮಿಷದಲ್ಲಿ ಹೊಸ ಟ್ರ್ಯಾಕ್ ಎಂಬ ಪಟ್ಟಿ ತಟ್ಟೆಯ ಒಳಅಂಚಿನಲ್ಲಿರುತ್ತದೆ. ಹೊಲಕ್ಕೆ ಬದು ಹಾಕದೆ ಮೂಲೆಗೊಂದು ಕಲ್ಲು ನೆಟ್ಟಂತೆ. ಇಂಥ ಕಲ್ಲು 99ರವರೆಗೆ ನೆಡಬಹುದು.

ಎಡವುವುದು ಇಲ್ಲಿಯೇ. ಸಿ.ಡಿ. ಒಂದು ಸೆಕೆಂಡನ್ನು 75 ಚೌಕಟ್ಟುಗಳಾಗಿ ಎಣಿಸುತ್ತದೆ, ಗುರುತು ಬೀಳುವುದು ಚೌಕಟ್ಟಿನ ಅಂಚಿನಲ್ಲಿ ಮಾತ್ರ. ಕಂಪ್ಯೂಟರಿನಲ್ಲಿ ಕಂಡಕಂಡಲ್ಲಿ ಕತ್ತರಿಸಿದರೆ ಉಳಿದ ಜಾಗಕ್ಕೆ ಮೌನ ತುಂಬಿಕೊಂಡು, ಕೇಳುವಾಗ ‘ಟಕ್’ ಎನ್ನುತ್ತದೆ. ಒಂದೊಂದೇ ಟ್ರ್ಯಾಕ್ ಬರೆಯುವ ಕ್ರಮದಲ್ಲಿ ನಡುವೆ ಎರಡು ಸೆಕೆಂಡಿನ ಮೌನ ತಾನಾಗಿ ಸೇರಿಕೊಳ್ಳುತ್ತದೆ. ಎಂ.ಪಿ.3 ಮಾಡಿಟ್ಟುಕೊಂಡ ತುಂಡುಗಳಿಂದ ಬರೆದರಂತೂ ಬೆಸುಗೆ ಕೂಡುವುದೇ ಅನುಮಾನ. ಇಡೀ ದನಿಯನ್ನು ಒಂದೇ ಕಡತವಾಗಿಟ್ಟು, ಗುರುತುಗಳ ಪಟ್ಟಿಯನ್ನು ಬೇರೆ ಬರೆದು, ತಟ್ಟೆಯನ್ನು ಒಂದೇ ಉಸಿರಿನಲ್ಲಿ ಬರೆಯುವುದೇ ಸರಿಯಾದ ದಾರಿ. ಹಾಡಿಗೆ ಹಾಡು ಹೊಸೆದು ರಾತ್ರಿಯೆಲ್ಲ ಕುಣಿಸುವ ಡಿ.ಜೆ.ಗಳೂ ತಮ್ಮ ಮಿಶ್ರಣವನ್ನು ಸಿ.ಡಿ.ಗೆ ತಂದಾಗ ಹಿಡಿದ ದಾರಿ ಇದೇ. ಪಾಪ, ಅವರಿಗೆ ಒಂದು ತೊಡಕು ಹೆಚ್ಚು: ಎರಡು ಹಾಡು ಒಂದರ ಮೇಲೊಂದು ಹಾಯುವ ಅರ್ಧ ನಿಮಿಷ ಯಾವುದಕ್ಕೆ ಸೇರಿದ್ದು?

ನಮ್ಮ ಹಾಡುಗಾರರಿಗೆ ಆ ಗೊಂದಲವಿಲ್ಲ. ಅವರ ಕಥೆಗೆ ಹಿಂದಿನಿಂದಲೂ ಭಾಗಗಳುಂಟು. ಅವಕ್ಕೆ ‘ಸಾಲು’ ಎಂದು ಹೆಸರು. ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು ಹೀಗೆ. ಮಂಟೇಸ್ವಾಮಿಯ ಕಥೆಯಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿನ ಪಾಂಚಾಳರ ಬಳಿ ಹೋಗುವ ಭಾಗವಂತೂ ಮಂಡ್ಯ ಜಿಲ್ಲೆಯ ನೆಲದಲ್ಲೇ ನಡೆಯುವಂಥದು. ಸಾಲಿನೊಳಗೂ ಹಾಡು ನಿಂತು ಮಾತು ಶುರುವಾಗುವ ತಾವುಗಳಿವೆ. ಗುರುತು ಬೀಳಬೇಕಾದದ್ದು ಅಲ್ಲಿ. ಐದೈದು ನಿಮಿಷಕ್ಕೊಂದರಂತೆ ಗಡಿಯಾರ ನೋಡಿ ಗುರುತು ಹಾಕುವುದು ಕೆಲಸಗಳ್ಳತನವಷ್ಟೆ.

ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನೂ ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಹಾಡುಗಾರರ ದನಿಯನ್ನು ಹಿಡಿದಿಡುವುದೂ ಅಲ್ಲಿಯ ಕೆಲಸವಾಯಿತು. ಹಳೆಯ ಟೇಪುಗಳಿಗೆ ಆಯುಸ್ಸು ಕಡಿಮೆ. ಹಾಡಿದವರಲ್ಲಿ ಅನೇಕರು ಈಗಿಲ್ಲ, ಮತ್ತೆ ಹಾಡಿಸುವಂತಿಲ್ಲ. ಟೇಪಿನಿಂದ ಇಳಿಸುವಾಗ ತುಂಡು ಮಾಡಿ, ಮೂಲವನ್ನು ಅಳಿಸಿಬಿಟ್ಟರೆ ಸೊಲ್ಲಿನ ಬಾಲವೊಂದು ಹೋದದ್ದು ಹೋದದ್ದೇ. ಹೆಸರುಪಟ್ಟಿ ತಪ್ಪಾದರೆ ನಾಳೆ ತಿದ್ದಬಹುದು, ದನಿಯನ್ನಲ್ಲ.

ಸಾಲೊಂದು ತಟ್ಟೆಯ ಅಳತೆ ಮೀರಿದರೆ ಎರಡನೆಯ ತಟ್ಟೆ ಬೇಕೇ ಬೇಕು. ಅದಕ್ಕೂ ಜಾಗವಿದೆ: ಹಾಡುಗಾರ ಕಥೆ ನಿಲ್ಲಿಸಿ ನೀರು ಕುಡಿದು, ಎಲೆಅಡಿಕೆ ಹಾಕಿಕೊಳ್ಳುವ ಹೊತ್ತು.