ಲೆ ಮಾನ್‌ನಲ್ಲಿ ಓಡದೆ ನಡೆದವರು

ಜೂನ್ ಬಂತೆಂದರೆ ಹಳೆಯ ಸ್ಪೋರ್ಟ್ಸ್ ಕಾರುಗಳು ಸಾಲುಗಟ್ಟಿ ಹಡಗೇರಿ, ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಲೆ ಮಾನ್‌ಗೆ ಸಾಗುವುದನ್ನು ಬ್ರಿಟನ್ನಿನ ನಮ್ಮ ಸದಸ್ಯರು ಕಂಡಿರಬಹುದು. 1923ರಲ್ಲಿ ಮೊದಲಾದ ಆ ಇಪ್ಪತ್ನಾಲ್ಕು ಗಂಟೆಗಳ ರೇಸಿನಲ್ಲಿ, ಚಾಲಕರು ರಸ್ತೆಗಡ್ಡವಾಗಿ ಓಡಿ ಕಾರಿಗೆ ಹಾರಿ ಹೊರಡುವುದು ಬಹುಕಾಲದ ಸಂಪ್ರದಾಯವಾಗಿತ್ತು. ನೋಡುವವರಿಗೇನೋ ಸೊಗಸು, ಆ ಅವಸರದಲ್ಲಿ ಬೆಲ್ಟ್ ಕಟ್ಟಿಕೊಳ್ಳುವವರಾರು?

1969ರಲ್ಲಿ ಬೆಲ್ಜಿಯಂನ ಜಾಕಿ ಇಕ್ಸ್ ಓಡಲೊಪ್ಪಲಿಲ್ಲ. ನಿಧಾನವಾಗಿ ನಡೆದುಹೋಗಿ, ಬೆಲ್ಟ್ ಬಿಗಿದು, ಎಲ್ಲರಿಗಿಂತ ಕೊನೆಗೆ ಹೊರಟರು. ಮೊದಲ ಸುತ್ತಿನಲ್ಲೇ ಬ್ರಿಟನ್ನಿನ ಜಾನ್ ವುಲ್ಫ್ ಅವರ ಪೋರ್ಷೆ 917 ಅಪಘಾತಕ್ಕೀಡಾಗಿ ಅವರು ಮಡಿದರು; ಬೆಲ್ಟ್ ಕಟ್ಟಿರಲಿಲ್ಲವೆಂದು ಹೇಳುತ್ತಾರೆ. ಮರುದಿನ ಇಕ್ಸ್ ಮತ್ತು ಜಾಕಿ ಆಲಿವರ್ ಅವರ ಫೋರ್ಡ್ ಜಿಟಿ40, ಹಿಂದಿನ ವರ್ಷವೂ ಗೆದ್ದಿದ್ದ ಅದೇ ಹಳೆಯ ಕಾರು, ಹ್ಯಾನ್ಸ್ ಹೆರ್ಮನ್ ಅವರ ಪೋರ್ಷೆಗಿಂತ ಸುಮಾರು 120 ಮೀಟರ್ ಮುಂದಾಗಿ ಗುರಿ ಮುಟ್ಟಿತು. 1970ರಲ್ಲಿ ಚಾಲಕರು ಬೆಲ್ಟ್ ಬಿಗಿದು ಕಾರಿನೊಳಗೇ ಕುಳಿತು ಕಾಯ್ದರು.