ಇದ್ದಿಲು ಬಸ್ಸಿನಿಂದ ಗ್ಯಾಸ್ ಕಿಟ್‌ವರೆಗೆ: ಬದಲಾದ ಗಾಡಿಗೆ ವಿಮೆ ಸಿಕ್ಕ ಕಥೆ

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಾಗಲಿ, ಸಿರುಗುಪ್ಪ, ಕುರುಗೋಡಿನ ರಸ್ತೆಗಳಲ್ಲಾಗಲಿ, ಕಂಪನಿಯಿಂದ ಬಂದ ಹಾಗೇ ಉಳಿದಿರುವ ಗಾಡಿಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಕಾರಿಗೆ ಗ್ಯಾಸ್ ಕಿಟ್, ಜೀಪಿಗೆ ದಪ್ಪ ಟೈರು, ಗೂಡ್ಸ್ ಆಟೊಗೆ ಎತ್ತರಿಸಿ ಕಟ್ಟಿದ ಬಾಡಿ, ಸ್ಕೂಟರಿಗೆ ಎರಡು ಹೆಚ್ಚುವರಿ ಚಕ್ರ. ನಮ್ಮ ಕಡೆ ಗಾಡಿ ಕೊಂಡ ಮೇಲೆ ಅದನ್ನು ನಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳುವುದು ಹೊಸದೇನಲ್ಲ.

ಗಾಡಿ ಓಡುತ್ತಿರುವವರೆಗೆ ಯಾರೂ ಏನೂ ಕೇಳುವುದಿಲ್ಲ. ಅಪಘಾತವಾದ ದಿನ ವಿಮೆ ಕಂಪನಿಯ ಸರ್ವೇಯರ್ ಒಂದು ಕೈಯಲ್ಲಿ ಆರ್‌ಸಿ, ಇನ್ನೊಂದು ಕೈಯಲ್ಲಿ ಪಾಲಿಸಿ ಹಿಡಿದು ಗಾಡಿಯ ಮುಂದೆ ನಿಲ್ಲುತ್ತಾರೆ. ಕಾಗದದಲ್ಲಿರುವ ಗಾಡಿ ಮತ್ತು ಕಣ್ಣ ಮುಂದಿರುವ ಗಾಡಿ ಒಂದೇನಾ? ಲಕ್ಷಾಂತರ ರೂಪಾಯಿಯ ಕ್ಲೇಮು ಈ ಒಂದು ಪ್ರಶ್ನೆಯ ಮೇಲೆ ನಿಂತಿರುತ್ತದೆ. ಈ ಪ್ರಶ್ನೆ ಎಲ್ಲಿಂದ ಹುಟ್ಟಿತು, ಅದಕ್ಕೆ ಕಾನೂನು ಕಾಲಕಾಲಕ್ಕೆ ಯಾವ ಉತ್ತರ ಕೊಟ್ಟಿತು ಎಂಬುದನ್ನು ಈ ಬರಹದಲ್ಲಿ ನೋಡೋಣ.

ವಿಮೆ ಇಲ್ಲದ ಕಾಲ

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿ ದಂಡಿನ ಊರಾಯಿತು. ದಂಡು ಹೋದರೂ ಕಂಟೋನ್ಮೆಂಟ್ ಎಂಬ ಹೆಸರು ಉಳಿಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಅದೇ ಹೊತ್ತಿಗೆ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಅಲ್ಲಿಯವರೆಗೆ ನಮ್ಮ ಕಡೆಯ ಮೋಟಾರು ಗಾಡಿಗಳ ಆಡಳಿತವೆಲ್ಲ ಮದ್ರಾಸಿನದು.

ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. ಗಾಡಿ ನೋಂದಣಿ ಮಾಡಿಸಬೇಕು, ಓಡಿಸುವವರಿಗೆ ಲೈಸೆನ್ಸ್ ಬೇಕು ಎಂದು ಅದು ಹೇಳಿತು. ಕಡ್ಡಾಯ ವಿಮೆಯ ಮಾತು ಅದರಲ್ಲಿ ಇರಲಿಲ್ಲ. ಗಾಡಿ ಬಡಿದು ದುಡಿಯುವ ಮನುಷ್ಯ ಸತ್ತರೆ ಮನೆಯವರು ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ವರ್ಷಗಟ್ಟಲೆ ಅಲೆದು ಗೆದ್ದರೂ, ಗಾಡಿ ಮಾಲೀಕನ ಹತ್ತಿರ ದುಡ್ಡಿಲ್ಲದಿದ್ದರೆ ಆ ತೀರ್ಪು ಬರೀ ಕಾಗದ.

ಬ್ರಿಟನ್ನಿನಲ್ಲಿ 1930ರ ಕಾಯ್ದೆ ಮೂರನೆಯವರ ವಿಮೆಯನ್ನು, ಅಂದರೆ ನಾವಿಂದು ಥರ್ಡ್ ಪಾರ್ಟಿ ಎನ್ನುವುದನ್ನು, ಕಡ್ಡಾಯ ಮಾಡಿತು. ಗಾಡಿ ಮಾಲೀಕರು ಮೊದಲನೆಯವರು, ವಿಮೆ ಕಂಪನಿ ಎರಡನೆಯವರು, ಗಾಡಿಯಿಂದ ಪೆಟ್ಟು ತಿಂದ ಹೊರಗಿನವರು ಮೂರನೆಯವರು. ಭಾರತದಲ್ಲಿ ಇದೇ ವಿಚಾರ 1939ರ ಮೋಟಾರು ವಾಹನ ಕಾಯ್ದೆಯ 8ನೇ ಅಧ್ಯಾಯವಾಗಿ ಬಂತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು.

ಇದ್ದಿಲು ತಿನ್ನುವ ಬಸ್ಸು

ನಡುವಿನ ಆ ವರ್ಷಗಳಲ್ಲೇ ಗಾಡಿಗಳಿಗೆ ದೊಡ್ಡದೊಂದು ಮಾರ್ಪಾಡು ಆಯಿತು. ಯುದ್ಧಕ್ಕೆ ಪೆಟ್ರೋಲ್ ಹೋಯಿತು, ಊರಿಗೆ ರೇಷನ್ ಬಂತು. 1942ರಲ್ಲಿ ಬರ್ಮಾ ಜಪಾನಿನ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಆಗ ಬಸ್ಸು, ಲಾರಿಗಳ ಹಿಂಬದಿಗೆ ಕಬ್ಬಿಣದ ದೊಡ್ಡ ಒಲೆ ಕಟ್ಟಿದರು. ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ಹಾಕಿ, ಗಾಳಿ ಊದಿ, ಬರುವ ಗ್ಯಾಸನ್ನು ಎಂಜಿನ್ನಿಗೆ ಹರಿಸಿದರು. ಹಳಬರು ಇದ್ದಿಲು ಬಸ್ಸು ಎನ್ನುತ್ತಿದ್ದುದು ಇದನ್ನೇ. ಎಂಜಿನ್ನಿನ ಬಲ ಕುಗ್ಗುತ್ತಿತ್ತು. ಏರು ಬಂದರೆ ಜನ ಇಳಿದು ತಳ್ಳಬೇಕಾಗುತ್ತಿತ್ತು.

ವಿಮೆಯ ಕಣ್ಣಿನಿಂದ ಈ ಬಸ್ಸನ್ನು ನೋಡಿ. ಇಂಧನ ಬದಲಾಯಿತು, ತೂಕ ಹೆಚ್ಚಿತು, ಜನ ಕೂರುವ ಜಾಗದ ಬೆನ್ನಿಗೇ ಬೆಂಕಿ ಬಂತು. ಒಂದು ಗಾಡಿಯ ಅಪಾಯವನ್ನು ಅಳೆಯಲು ಏನೇನು ನೋಡಬೇಕೋ ಅದೆಲ್ಲವೂ ಬದಲಾಗಿತ್ತು.

1939ರ ಕಾಯ್ದೆಯ 32ನೇ ಕಲಮು ಇಂಥ ಮಾರ್ಪಾಡಿಗೇ ಇತ್ತು. ನೋಂದಣಿ ಪತ್ರದಲ್ಲಿ ಬರೆದಿರುವ ವಿವರ ಸುಳ್ಳಾಗುವಂತೆ ಗಾಡಿ ಬದಲಿಸುವುದಾದರೆ ಮೊದಲು ನೋಂದಣಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಅಂದರೆ ಆ ಕಾಲದ ಕಾನೂನು ಬದಲಾವಣೆಯನ್ನು ತಡೆಯಲಿಲ್ಲ. ಹೇಳಿ ಮಾಡಿ ಎಂದಿತು.

ಸುಮಾತ್ರಾದ ಕೋಟೆಯಿಂದ ಬಂದ ಪಾಠ

ವಿಮೆಯಲ್ಲಿ 'ಹೇಳಿ ಮಾಡಿ' ಎಂಬ ಮಾತಿಗೆ ಇನ್ನೂ ಹಳೆಯ ಬೇರಿದೆ. ಸುಮಾತ್ರಾ ದ್ವೀಪದ ಬೆಂಕೂಲೆನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮಾರ್ಲ್‌ಬರೊ ಎಂಬ ಕೋಟೆ ಇತ್ತು. ಶತ್ರುಗಳು ಕೋಟೆ ಹಿಡಿದರೆ ನಷ್ಟ ತುಂಬಿಕೊಡಬೇಕೆಂದು ಅಲ್ಲಿನ ಗವರ್ನರ್ ಕಾರ್ಟರ್ ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಕೋಟೆ ಹಿಡಿದರು. ಕೋಟೆ ಇಷ್ಟು ದುರ್ಬಲ ಎಂದು ನೀನು ಮೊದಲೇ ಹೇಳಲಿಲ್ಲ ಎಂದು ವಿಮೆಗಾರ ಬೋಮ್ ಹಣ ಕೊಡಲು ಒಪ್ಪಲಿಲ್ಲ.

1766ರಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಈ ಮೊಕದ್ದಮೆ ನಡೆಯಿತು. ವಿಮೆ ಎಂಬುದು ನಂಬಿಕೆಯ ವ್ಯವಹಾರ, ಅಪಾಯಕ್ಕೆ ಸಂಬಂಧಪಟ್ಟದ್ದನ್ನು ಮುಚ್ಚಿಡಬಾರದು ಎಂಬ ನಿಯಮ ಗಟ್ಟಿಯಾದದ್ದು ಇಲ್ಲಿ. ಆದರೆ ಮೊಕದ್ದಮೆಯಲ್ಲಿ ಗೆದ್ದದ್ದು ಮಾತ್ರ ಗವರ್ನರ್. ವಿಮೆಗಾರನಿಗೆ ತಾನಾಗಿಯೇ ತಿಳಿದಿರಬೇಕಾದ ಸಂಗತಿಯನ್ನು ಹೇಳಲಿಲ್ಲ ಎಂದು ಆಮೇಲೆ ತಕರಾರು ತೆಗೆಯುವಂತಿಲ್ಲ ಎಂದಾಯಿತು. ಈ ನಿಯಮ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ನಾವು ಗ್ಯಾಸ್ ಕಿಟ್ ಮುಚ್ಚಿಡಬಾರದು. ಕಿಟ್ ಇದೆ ಎಂದು ತಿಳಿದು ಪ್ರೀಮಿಯಂ ಪಡೆದ ಕಂಪನಿ ಆಮೇಲೆ ಗೊತ್ತಿರಲಿಲ್ಲ ಎನ್ನಬಾರದು.

ದೇಶಕ್ಕೆಲ್ಲ ಒಂದೇ ದರಪಟ್ಟಿ

1972ರ ಕಾಯ್ದೆಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು. ನೂರಕ್ಕೂ ಹೆಚ್ಚು ಕಂಪನಿಗಳು ಸೇರಿ 1973ರಿಂದ ನಾಲ್ಕು ಸರ್ಕಾರಿ ಕಂಪನಿಗಳಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ಮೋಟಾರು ವಿಮೆಗೆ ಎಲ್ಲ ಕಂಪನಿಗಳೂ ಒಂದೇ ದರಪಟ್ಟಿ ಪಾಲಿಸಬೇಕಿತ್ತು. ಯಾವ ಆಫೀಸಿಗೆ ಹೋದರೂ ರೇಟು ಅದೇ.

ಅದೇ ಕಾಲದಲ್ಲಿ ದೇಶದ ಗ್ಯಾರೇಜುಗಳಲ್ಲಿ ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಜೋರಾಗಿತ್ತು. ಆಮೇಲೆ ಓಮ್ನಿ ವ್ಯಾನುಗಳ ಸರದಿ. ಅಡುಗೆ ಮನೆಯ ಸಿಲಿಂಡರನ್ನೇ ಸೀಟಿನ ಹಿಂದೆ ಇಟ್ಟು ಓಡಿಸಿದವರನ್ನು ಎಲ್ಲ ಊರುಗಳೂ ಕಂಡಿವೆ. ಅದು ಕಾನೂನುಬಾಹಿರವಷ್ಟೇ ಅಲ್ಲ, ಪ್ರಾಣಕ್ಕೂ ಸಂಚಕಾರ. ಕಾರಿನಲ್ಲಿ ಎಲ್‌ಪಿಜಿ ಬಳಸಲು ದಾರಿ ತೆರೆದದ್ದು 2000ದ ತಿದ್ದುಪಡಿ ಮತ್ತು 2001ರ ಆದೇಶ. ಅದಕ್ಕೂ ಅನುಮೋದಿತ ಕಿಟ್, ವಾಹನಕ್ಕೆಂದೇ ಮಾಡಿದ ಟ್ಯಾಂಕ್ ಇರಬೇಕು.

2002ರ ಮೋಟಾರು ದರಪಟ್ಟಿಯಲ್ಲಿ ಬದಲಾದ ಗಾಡಿಗಳಿಗೆಂದೇ ಕೆಲವು ಸಾಲುಗಳಿದ್ದವು. ಗ್ಯಾಸ್ ಕಿಟ್ ಹಾಕಿಸಿದ್ದರೆ ಕಿಟ್ಟಿನ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ, ಮೂರನೆಯವರ ಹೊಣೆಗೆ ಇನ್ನು 60 ರೂಪಾಯಿ. ಕಿಟ್ಟಿನ ಬೆಲೆ 50,000 ಎಂದುಕೊಂಡರೆ ವರ್ಷಕ್ಕೆ 2,060 ರೂಪಾಯಿ ಹೆಚ್ಚು. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕ್ ಸಾಮಾನಿಗೂ ಶೇ 4. ಅಂಗವಿಕಲರಿಗಾಗಿ ಮಾರ್ಪಡಿಸಿದ ಗಾಡಿಗೆ, ಗಾಡಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ. ಈ ಕೊನೆಯ ಸಾಲನ್ನು ಗಮನಿಸಿ. ಬದಲಾವಣೆ ಎಂದರೆ ಯಾವಾಗಲೂ ಹೆಚ್ಚು ಪ್ರೀಮಿಯಂ ಎಂದೇನಲ್ಲ.

2007ರ ಜನವರಿಯಿಂದ ಸ್ವಂತ ಹಾನಿಯ ದರವನ್ನು ಕಂಪನಿಗಳ ಕೈಗೆ ಬಿಟ್ಟರು. ಹಾಗಾಗಿ ಈಗ ಒಂದು ಕಂಪನಿ ಒಲ್ಲೆ ಎಂದ ಗಾಡಿಯನ್ನು ಇನ್ನೊಂದು ಕಂಪನಿ ಒಪ್ಪಬಹುದು. ನಾಲ್ಕು ಕಡೆ ಕೇಳುವುದರಲ್ಲಿ ಈಗ ಅರ್ಥವಿದೆ.

ಬಾಗಿಲು ಕಿರಿದಾಯಿತು

1988ರ ಕಾಯ್ದೆಯ 52ನೇ ಕಲಮು ಮೊದಮೊದಲು ಹಳೆಯ ದಾರಿಯಲ್ಲೇ ಇತ್ತು: ಅರ್ಜಿ ಕೊಡಿ, ಒಪ್ಪಿಗೆ ಪಡೆಯಿರಿ, ಬದಲಿಸಿ. 2000ದ ತಿದ್ದುಪಡಿ ಅದನ್ನು ಬಿಗಿ ಮಾಡಿತು. ತಯಾರಕರು ಮೊದಲು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು ಎಂದಿತು. ಎಂಜಿನ್ ಬದಲಾವಣೆ, ಗ್ಯಾಸ್ ಕಿಟ್‌ನಂಥ ಕೆಲವಕ್ಕೆ ಮಾತ್ರ ಷರತ್ತಿನ ಮೇಲೆ ಅವಕಾಶ ಉಳಿಯಿತು.

2019ರ ಜನವರಿ 9ರಂದು ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಎರಡು ಸಂಗತಿಗಳು ಬಂದವು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಕಾಯ್ದೆಯಲ್ಲಿ ಸೇರಿತು. ಜೊತೆಗೆ, ಅಂಗವಿಕಲರ ಅನುಕೂಲಕ್ಕೆ ಗಾಡಿ ಮಾರ್ಪಡಿಸುವುದಕ್ಕೆ ಕಾಯ್ದೆಯಲ್ಲೇ ಸ್ಪಷ್ಟ ಜಾಗ ಸಿಕ್ಕಿತು.

ಯಾರ ಹಣ, ಯಾವ ಹಣ

ಗಾಡಿ ಬದಲಿಸಿದರೆ ವಿಮೆಯೇ ಹೋಯಿತು ಎಂದು ಹಲವರು ತಿಳಿದಿದ್ದಾರೆ. ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ.

ಮೂರನೆಯವರ ಪರಿಹಾರದ ವಿಷಯದಲ್ಲಿ ಕಂಪನಿ ತಪ್ಪಿಸಿಕೊಳ್ಳಲು ಕಾಯ್ದೆ ಬರೆದಿಟ್ಟಿರುವ ಕಾರಣಗಳು ಕೆಲವೇ. ಗಾಡಿ ಬಡಿದು ಸತ್ತ ಕೂಲಿಯವರ ಮನೆಗೆ ನ್ಯಾಯ ಸಿಗಲಿ ಎಂದೇ ಈ ವಿಮೆ ಹುಟ್ಟಿದ್ದು. ಆದರೆ ಪಾಲಿಸಿಯ ಷರತ್ತು ಮುರಿದಿದ್ದರೆ, ಸಂತ್ರಸ್ತರಿಗೆ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಕೋರ್ಟುಗಳು ಕಂಪನಿಗೆ ಅನುಮತಿ ಕೊಡುವುದುಂಟು. 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ವಿಷಯಕ್ಕೆ ಸುಪ್ರೀಂ ಕೋರ್ಟು ಈ ದಾರಿಯನ್ನು ವಿವರಿಸಿದೆ. ವಸೂಲಿ ಬಂದರೆ ಹೋಗುವುದು ಮಾಲೀಕರ ಮನೆ, ಹೊಲ.

ಸ್ವಂತ ಹಾನಿಯ ಕ್ಲೇಮು ಬೇರೆ. ಅಲ್ಲಿ ಪಾಲಿಸಿಯ ಷರತ್ತುಗಳೇ ಮುಖ್ಯ. ಗಾಡಿಯ ವಿಮಾ ಮೌಲ್ಯವನ್ನು ತಯಾರಕರ ಮಾರಾಟ ಬೆಲೆಯಿಂದ ಸವಕಳಿ ಕಳೆದು ಲೆಕ್ಕ ಹಾಕುತ್ತಾರೆ. ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50 ಸವಕಳಿ. ನೀವು ಆಮೇಲೆ ಹಾಕಿಸಿದ ಸಾಮಾನು ಆ ಬೆಲೆಯಲ್ಲಿ ಇಲ್ಲ. ಪಾಲಿಸಿಯಲ್ಲಿ ಬರೆಸದಿದ್ದರೆ ಅದಕ್ಕೆ ಹಣವೂ ಇಲ್ಲ.

ಷರತ್ತು ಮುರಿದ ಮಾತ್ರಕ್ಕೆ ಕ್ಲೇಮನ್ನು ಪೂರ್ತಿ ತಳ್ಳಿಹಾಕಬಹುದೇ? 2008ರ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲಿ ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವಾಗ ಗಾಡಿಯೇ ಕಳುವಾಗಿತ್ತು. ಕಳ್ಳತನದ ಕ್ಲೇಮಿನಲ್ಲಿ ಬಾಡಿಗೆಯ ತಪ್ಪಿಗಾಗಿ ಎಲ್ಲವನ್ನೂ ನಿರಾಕರಿಸುವಂತಿಲ್ಲ ಎಂದ ಸುಪ್ರೀಂ ಕೋರ್ಟು, ಶೇ 75 ಕೊಡುವ ಆದೇಶವನ್ನು ಉಳಿಸಿತು. 2010ರ ಅಮಲೇಂದು ಸಾಹೂ ತೀರ್ಪೂ ಇದೇ ದಾರಿ ಹಿಡಿಯಿತು. ಇವು ಬಳಕೆ ಬದಲಾದ ಪ್ರಕರಣಗಳು, ಗಾಡಿ ಬದಲಾದವಲ್ಲ. ಆದರೂ ಕ್ಲೇಮು ತಿರಸ್ಕಾರವಾದವರು ವಕೀಲರ ಹತ್ತಿರ ಅಥವಾ ಗ್ರಾಹಕರ ಆಯೋಗದ ಮುಂದೆ ಇವನ್ನು ನೆನಪಿಸಬಹುದು. ನಷ್ಟಕ್ಕೂ ಮಾರ್ಪಾಡಿಗೂ ಸಂಬಂಧವೇ ಇಲ್ಲದಿದ್ದರೆ ಮಾತು ಇನ್ನೂ ಗಟ್ಟಿ. ದಪ್ಪ ಟೈರಿನ ಜೀಪು ಮನೆ ಮುಂದೆ ನಿಂತಿದ್ದಾಗ ಕಳುವಾಯಿತು ಎನ್ನಿ. ಟೈರಿಗೂ ಕಳ್ಳನಿಗೂ ಏನು ಸಂಬಂಧ ಎಂದು ಕೇಳಬಹುದು. ಅದೇ ಬ್ರೇಕು ಹತ್ತದೆ ಪಲ್ಟಿಯಾಗಿದ್ದರೆ ಆ ಮಾತು ನಡೆಯುವುದು ಕಷ್ಟ.

ಬಳಕೆಯ ಪ್ರಶ್ನೆ ಸಿರುಗುಪ್ಪದ ಭತ್ತದ ಸೀಮೆಗೆ ಇನ್ನೂ ಹತ್ತಿರದ್ದು. ಟ್ರ್ಯಾಕ್ಟರಿಗೆ ವಿಮೆ ಇದ್ದರೆ ಟ್ರೇಲರಿಗೂ ಇದೆ ಎಂದಲ್ಲ. ಟ್ರೇಲರನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು. ಬರೆಸಿದ್ದರೂ ಕೃಷಿ ಬಳಕೆಯ ಪಾಲಿಸಿ ಮದುವೆ ದಿಬ್ಬಣಕ್ಕೆ ಅಲ್ಲ. ಟ್ರೇಲರಿನಲ್ಲಿ ಕೂತವರು ಬಿದ್ದರೆ ಪರಿಹಾರದ ಹೊಣೆ ಮಾಲೀಕರ ಮೇಲೇ ಬೀಳುವ ಸಾಧ್ಯತೆ ಹೆಚ್ಚು.

ಮೊದಲು ಯಾವುದು, ಆಮೇಲೆ ಯಾವುದು

ಇಷ್ಟು ಇತಿಹಾಸದಿಂದ ನಮಗೆ ಸಿಗುವುದು ಒಂದು ಸರಳ ಅನುಕ್ರಮ. ಮಾರ್ಪಾಡಿಗೆ ಮುಂಚೆ ಆರ್‌ಟಿಒದಲ್ಲಿ ಕೇಳಿ, ಒಪ್ಪಿಗೆ ಪಡೆಯಿರಿ. ಅನುಮೋದಿತ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲೇ ಹಾಕಿಸಿ, ಬಿಲ್ಲು ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಬದಲಾವಣೆ ಬರೆಸಿ. ಅದರ ನಕಲು ಮತ್ತು ಬಿಲ್ಲನ್ನು ವಿಮೆ ಕಂಪನಿಗೆ ಬರಹದಲ್ಲಿ ಕೊಟ್ಟು, ಪಾಲಿಸಿಯಲ್ಲಿ ಸೇರಿಸಿದ ಕಾಗದ ಪಡೆಯಿರಿ. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಸಾಲದು. ಸಿಎನ್‌ಜಿ ಸಿಲಿಂಡರಾದರೆ 3 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಆ ಪ್ರಮಾಣಪತ್ರವನ್ನೂ ಜೋಪಾನ ಮಾಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಹಣ ಕೊಡುವ ಮುಂಚೆಯೇ ಆರ್‌ಸಿಯ ಇಂಧನ, ಬಣ್ಣ, ಸೀಟುಗಳ ಸಂಖ್ಯೆಯನ್ನು ಗಾಡಿಯೊಂದಿಗೆ ಹೋಲಿಸಿ ನೋಡಿ.

ಆರ್‌ಟಿಒ ಒಪ್ಪದ ಮಾರ್ಪಾಡಿಗೆ ವಿಮೆ ಹುಡುಕಿ ಅಲೆಯುವುದು ಮಾತ್ರ ವ್ಯರ್ಥ. ಆರ್‌ಸಿಗೆ ಏರದ ಬದಲಾವಣೆಯನ್ನು ಪಾಲಿಸಿಗೆ ಏರಿಸಿಕೊಡುತ್ತೇನೆ ಎನ್ನುವವರ ಮಾತಿಗೆ ದುಡ್ಡು ಕೊಡಬೇಡಿ.

ನಿಮ್ಮ ಮನೆಯಲ್ಲಿ ಮಾರ್ಪಡಿಸಿದ ಗಾಡಿ ಇದ್ದರೆ ಇವತ್ತೇ ಪಾಲಿಸಿಯನ್ನು ಫೋನಿನಲ್ಲಿ ತೆರೆದು ಆ ಮಾರ್ಪಾಡಿನ ಹೆಸರು ಹುಡುಕಿ. ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ, ಗಾಡಿ ಮುಂದಿನ ಸಲ ಹೊರಡುವ ಮುಂಚೆ ಕಂಪನಿಗೆ ಒಂದು ಪತ್ರ ಬರೆಯಿರಿ.